ಹದಿನೆಂಟು ವರ್ಷ ಮೂರು ದಿನ

ಗುಲಾಬಿ ಸೀರೆಯಲ್ಲೇ ಬಂದಿದ್ದಾಳೆ, ಕೋರ್ಟಿಗೂ, ಎದೆ ಮೇಲೆ ಆಶಾ ಕಾರ್ಯಕರ್ತೆ ಅನ್ನೋ ಕಾರ್ಡು ಬೇರೆ ನೇತು ಹಾಕಿಕೊಂಡು, ಸಾಕ್ಷಿ ಹೇಳೋಕೆ ಬಂದವಳು ಅಂತ ನೋಡಿದವರಿಗೆ ಗೊತ್ತಾಗಬಾರದು, ಡ್ಯೂಟಿ ಮೇಲೆ ಬಂದವಳು ಅನ್ನಿಸಬೇಕು — ಚಿಕ್ಕಹನುಮಕ್ಕ ಮೊದಲಿಂದ ಹಂಗೇ, ಏನು ಮಾಡಿದರೂ ಅದು ಮೇಲಿನವರು ಹೇಳಿದ್ದು, ಅವಳ ಕೈಯಲ್ಲಿ ಏನೂ ಇರೋದಿಲ್ಲ, ಪೆನ್ನೊಂದು ಬಿಟ್ಟು. ಜಗಲಿಯ ಆ ತುದಿಗೆ ಅವಳು, ಈ ತುದಿಗೆ ನಾನು, ನನ್ನ ಪಕ್ಕ ಮಗಳು ಲತಾ, ನಡುವೆ ಯಾರದೋ ಜಮೀನಿನ ವ್ಯಾಜ್ಯದವರು ಕಡ್ಲೆಕಾಯಿ ಸುಲಿದು ತಿನ್ನುತ್ತಾ ಕೂತಿದ್ದಾರೆ, ಸಿಪ್ಪೆ ಎಲ್ಲಾ ನನ್ನ ಕಾಲಿನ ಹತ್ತಿರಕ್ಕೇ ಹಾರಿಕೊಂಡು ಬರುತ್ತಿದೆ. ಒಂದು ಸಲ ನನ್ನ ಕಡೆ ನೋಡಿ ನಕ್ಕಳು, ಆಮೇಲೆ ಎರಡು ಲೋಟ ಹಿಡಿದುಕೊಂಡು ಎದ್ದೇ ಬಂದಳು, ಗಂಗಕ್ಕ ಟೀ ಕುಡೀರಿ, ಬ್ಯಾಡ ಅಂದೆ, ಲತಾ ನೀನಾದ್ರೂ ಕುಡಿ ಮಗ, ಬೆಳಗ್ಗೆ ಏನ್ ತಿಂದಿದ್ದೀಯೋ ಏನೋ, ಲತಾ ಇಸ್ಕೊಂಡಳು, ಥ್ಯಾಂಕ್ಸ್ ಆಂಟಿ ಅಂತ ಬೇರೆ — ನಿನ್ನ ಮ್ಯಾಲೆ ಸಾಕ್ಷಿ ಹೇಳೋಳ ಕೈಯಿಂದ ಟೀ ಕುಡೀತೀಯಲ್ಲೇ ಅಂದರೆ, ಅವರೇನು ವಿಷ ಹಾಕ್ತಾರಾ ಸುಮ್ನಿರಮ್ಮ ಅನ್ನುತ್ತಾಳೆ. ಸುಮ್ಮನಿರಬೇಕಂತೆ. ಐದು ವರ್ಷ ಏನೂ ಗೊತ್ತಿಲ್ಲದೆ ಸುಮ್ಮನಿದ್ದುದಕ್ಕೇ ಇವತ್ತು ಕೊರಟಗೆರೆ ಕೋರ್ಟಿನ ಜಗಲಿ ಮೇಲೆ ಕೂತಿರೋದು, ಗಾರ್ಮೆಂಟ್ಸಿಗೆ ರಜೆ ಹಾಕಿ, ಹೊಳವನಹಳ್ಳಿಯಿಂದ ಮೊದಲನೇ ಬಸ್ಸಿಗೆ ಬಂದು, ಒಳಗೆ ಕೂಗುವವನ ದನಿಗೆ ಕಿವಿ ಕೊಟ್ಟುಕೊಂಡು, ಪ್ರತಿ ಹೆಸರಿಗೂ ಅರ್ಧ ಎದ್ದು ಮತ್ತೆ ಕೂತುಕೊಂಡು.

ನನ್ನ ಮಾವ ದೊಡ್ಡಹನುಮಯ್ಯ ಕೊರೊನಾದಲ್ಲಿ ಸತ್ತ ಮೂರನೇ ದಿನ ಲತಾ ಗುಂಡಿ ಹತ್ತಿರ ಹೋಗಿ ಹಾಲುತುಪ್ಪ ಬಿಟ್ಟು ಬಂದದ್ದು ಅಪರಾಧ, ಬಾಗಿಲಿಗೆ ಚೀಟಿ ಅಂಟಿಸಿದ ಮನೆಯಿಂದ ಹೊರಗೆ ಕಾಲಿಟ್ಟದ್ದು ಅಪರಾಧ, ಸೋಂಕು ಹರಡುವಂಥ ಕೃತ್ಯ ಅಂತ ಹಾಳೆಯಲ್ಲಿ ಬರೆದಿದ್ದಾರೆ, ಸಾಂಕ್ರಾಮಿಕ ರೋಗದ ಕಾಯ್ದೆ ಅಂತೆ, ನಂಬರುಗಳು ಅಂತೆ, ಒಂದನೇ ಆರೋಪಿ ಶ್ರೀಲತಾ, ಮಿಕ್ಕ ಹನ್ನೊಂದು ಜನ ಪತ್ತೆಯಾಗಿರುವುದಿಲ್ಲ. ಪತ್ತೆಯಾಗಿರುವುದಿಲ್ಲ — ಆ ಹನ್ನೊಂದು ಜನ ನಮ್ಮ ಹಟ್ಟಿಯಲ್ಲೇ ದಿನಾ ನಲ್ಲಿ ಹತ್ತಿರ ಬಿಂದಿಗೆ ಇಡುತ್ತಾರೆ, ಒಬ್ಬ ನನ್ನ ಮೈದುನ ಅಶ್ವತ್ಥ, ಅವನು ಪತ್ತೆಯಾಗಿಲ್ಲವಂತೆ, ಎದೆಯುದ್ದ ಮೀಸೆ ಬಿಟ್ಟುಕೊಂಡು ಓಡಾಡುವವನು. ಪತ್ತೆಯಾದವಳು ನನ್ನ ಮಗಳು ಮಾತ್ರ, ನರ್ಸಿಂಗ್ ಓದಿದವಳು, ಸರ್ಕಾರಿ ಆಸ್ಪತ್ರೆಗೆ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದವಳು, ಪಾವಗಡದ ಕಡೆ ಹಾಕುತ್ತಾರಂತೆ, ನಮ್ಮಮ್ಮನ ಊರು ನಾಗಲಮಡಿಕೆಗೆ ಹತ್ತಿರವಾಯ್ತು ಅಂತ ನಾನು ಸೀರೆ ಅಂಗಡಿಗೆ ಹೋಗಿ ಎರಡು ಸೀರೆ ನೋಡಿಕೊಂಡೂ ಬಂದಿದ್ದೆ, ಪೊಲೀಸ್ ವೆರಿಫಿಕೇಶನ್ ಅಂತ ಠಾಣೆಗೆ ಹೋದಳು, ಹೋದವಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು, ಅಮ್ಮ ನನ್ನ ಮೇಲೆ ಕೇಸ್ ಐತಂತೆ. ಮೂರು ಸಲ ಸಮನ್ಸ್ ಬಂದಿತ್ತಂತೆ, ಮನೆ ಬೀಗ ಅಂತ ಬರೆದು ವಾಪಸ್ ಕಳಿಸಿದರಂತೆ, ಬೀಗ ಇರದೆ ಇನ್ನೇನು, ನಾನು ಮಿಷನ್ ಮುಂದೆ, ಅವಳು ತುಮಕೂರಿನ ಹಾಸ್ಟೆಲ್ಲಿನಲ್ಲಿ, ಅವರಪ್ಪ ಲಾರಿ ಮೇಲೆ. ಸೋಮವಾರದೊಳಗೆ ಕೇಸು ಏನಾಯ್ತು ಅಂತ ಕಾಗದ ಕೊಡಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಕೆಳಗಿರುವವಳಿಗೆ ಆ ಕೆಲಸ. ಆ ಕೆಳಗಿರುವವಳು ಯಾರೋ, ಅವಳ ಕಡೆಯವರೇ ಯಾರಾದರೂ ಈ ಹಳೇ ಕಡತ ಕೆದಕಿಸಿದರೋ, ಹೇಳೋಕೆ ಆಗಲ್ಲ, ಈ ಕಾಲದಲ್ಲಿ ಏನನ್ನೂ ಹೇಳೋಕೆ ಆಗಲ್ಲ.

ಅವತ್ತು ಗುಂಡಿ ಹತ್ತಿರ ಯಾರೋ ಫೋನಿನಲ್ಲಿ ವೀಡಿಯೋ ತೆಗೆದಿದ್ದರು, ಅದೇ ಠಾಣೆಗೆ ಹೋದದ್ದು, ಯಾರು ತೆಗೆದರು ಅಂತ ಕೇಸು ಗೊತ್ತಾದ ದಿನದಿಂದ ಒಬ್ಬೊಬ್ಬರ ಮುಖ ನೋಡುತ್ತಾ ಬಂದಿದ್ದೇನೆ, ಹನ್ನೆರಡು ಜನ ವೀಡಿಯೋದಲ್ಲಿ ಕಾಣುತ್ತಾರೆ ಅಂದರೆ ಹದಿಮೂರನೆಯವರು ಒಬ್ಬರು ಇದ್ದರು. ಮಾವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಪಂಚಾಯ್ತಿಯವರೇ ಮಣ್ಣು ಮಾಡಿ ಹೋಗಿದ್ದರು, ಮುಖ ಕೂಡ ತೋರಿಸಲಿಲ್ಲ, ಒಳಗಿರೋದು ಮಾವನೇನಾ ಅಂತ ಅವತ್ತೂ ಅನುಮಾನ, ಇವತ್ತೂ ಅನುಮಾನ, ಲತಾಳ ಅಪ್ಪ ಲಾಕ್‌ಡೌನಲ್ಲಿ ನಾಗಪುರದ ಹತ್ತಿರ ಲಾರಿ ಜೊತೆ ಸಿಕ್ಕಿಹಾಕಿಕೊಂಡು ಫೋನಿನಲ್ಲೇ ಅತ್ತರು, ನನಗೆ ಮೈ ಕೆಂಡ, ಎದ್ದರೆ ತಲೆ ಗಿರ್ರ್ ಅನ್ನುತ್ತದೆ. ಮೂರನೇ ದಿನ ಬೆಳಗ್ಗೆ ಅಶ್ವತ್ಥ ಬೇಲಿ ಆಚೆ ನಿಂತು ಕೂಗಿದ, ಅತ್ತಿಗೆ, ದೊಡ್ಡ ಮಗನ ಕಡೆಯಿಂದ ಒಂದು ಕೈಯಾದ್ರೂ ಹಾಲು ಬುಡಬೇಕು, ಅಣ್ಣ ಇಲ್ಲ, ನೀನು ಏಳಂಗಿಲ್ಲ, ಲತಾನ ಕಳ್ಸು, ಮುದುಕ ಜೀವ ಇಟ್ಕೊಂಡಿದ್ದ ಅವಳ ಮ್ಯಾಲೆ. ಚೀಟಿ ಅಂಟ್ಸವ್ರಲ್ಲೋ ಅಂದೆ. ಚೀಟಿ ಬಾಗ್ಲಿಗೆ ಅಂಟ್ಸವ್ರೆ ಅತ್ತಿಗೆ, ಹಿತ್ಲಿಗೇನು ಅಂಟ್ಸಿಲ್ಲ. ನಕ್ಕನೂ ಕೂಡ, ಅಪ್ಪ ಸತ್ತ ಮೂರನೇ ದಿನ. ಲತಾ ಹಿತ್ತಲಿಂದ ಹೋದಳು, ಚೊಂಬಿನಲ್ಲಿ ಹಾಲು, ಎಲೆಯಲ್ಲಿ ತುಪ್ಪ, ತಾತನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ, ಮಾಸ್ಕ್ ಹಾಕಿಕೊಂಡೇ ಹೋದಳು, ಅರ್ಧ ಗಂಟೆಗೆ ಬಂದಳು, ಬಂದು ಬಾಗಿಲ ಹಿಂದೆ ಕೂತು ಅಳುತ್ತಿದ್ದಳು, ನಾನು ಕಂಬಳಿಯೊಳಗಿಂದ ಕೇಳಿಸಿಕೊಳ್ಳುತ್ತಿದ್ದೆ. ಕಳಿಸಿದವಳು ನಾನೇ, ಅದನ್ನ ಇಲ್ಲ ಅನ್ನಲ್ಲ, ಆದರೆ ಕೇಳಿದವನು ಅಶ್ವತ್ಥ, ಕೇಳಿದವನೇ ವೀಡಿಯೋ ಮಾಡಿಸಿದನೋ, ಯಾಕೆ ಮಾಡಿಸುತ್ತಾನೆ ಅವನೂ ಅದರಲ್ಲಿ ಇದ್ದಾನಲ್ಲ, ಇದ್ದಾನೆ, ಬೆನ್ನು ಮಾತ್ರ ಕಾಣುತ್ತದೆ, ಹನ್ನೆರಡು ಜನರಲ್ಲಿ ಬೆನ್ನು ಮಾತ್ರ ಕಾಣುವವನು ಅವನೊಬ್ಬನೇ, ಅದನ್ನು ಯೋಚಿಸಬೇಕಲ್ಲ ಯಾರಾದರೂ.

ಸಂಜೆಗೆ ಚಿಕ್ಕಹನುಮಕ್ಕ ಬಂದಳು, ಇದೇ ಗುಲಾಬಿ ಸೀರೆ, ಕೈಯಲ್ಲಿ ರಿಜಿಸ್ಟರು, ಹಿಂದೆ ಹತ್ತು ಮಾರು ದೂರದಲ್ಲಿ ಹುಣಸೇ ಮರದ ಕೆಳಗೆ ಕಾನ್‌ಸ್ಟೇಬಲ್ ಬೈಕಿನ ಮೇಲೆ ಕೂತಿದ್ದ, ಫೋನ್ ನೋಡಿಕೊಂಡು, ನಮಗೂ ಅವನಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಹೆಸರು ಬರಸ್ರಿ, ಹದಿನೆಂಟು ತುಂಬಿದೋರು ಎಲ್ಲ ಹೆಸರು ಬರಸ್ರಿ ಅಂತ ಮನೆ ಮನೆಗೆ ಬರುತ್ತಿದ್ದಾಳೆ, ಆಗ ಲಸಿಕೆಯ ಕಾಲ, ಹದಿನೆಂಟು ತುಂಬಿದವರಿಗೆ ಸೂಜಿ ಹಾಕುತ್ತಾರೆ ಅಂತ ಆಗಷ್ಟೇ ಶುರುವಾಗಿತ್ತು, ಹಟ್ಟಿಯವರಿಗೆ ಸೂಜಿ ಅಂದರೆ ರೋಗಕ್ಕಿಂತ ಭಯ, ಚುಚ್ಚಿಸಿಕೊಂಡರೆ ಎರಡು ವರ್ಷಕ್ಕೆ ಹೋಗ್ತಾರಂತೆ, ಮಕ್ಕಳಾಗಲ್ಲವಂತೆ, ಒಬ್ಬೊಬ್ಬರೂ ಒಂದೊಂದು ಸುಳ್ಳು ಹೆಸರು ಹೇಳಿ ಬಾಗಿಲು ಹಾಕಿಕೊಂಡರು. ಅಶ್ವತ್ಥ ಹೇಳಿದ್ದು ಹನುಮಂತ ಬಿನ್ ಹನುಮಂತಪ್ಪ, ಆಮೇಲೆ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ, ನಮ್ಮ ಹೋಬಳೀಲಿ ಆ ಹೆಸ್ರಿನೋರು ಒಂದು ಲಾರಿ ಲೋಡ್ ಅವ್ರೆ, ಯಾರಿಗೆ ಚುಚ್ತಾರೋ ಚುಚ್ಲಿ ಬುಡು. ಎದುರು ಮನೆ ಕರಿಬಸಮ್ಮ ಹೇಳಿದ್ದು ಸತ್ತುಹೋದ ಅವಳ ಅಕ್ಕನ ಹೆಸರು. ನಾನು ಒಬ್ಬಳು, ಮೈಯಲ್ಲಿ ಜ್ವರ ಇಟ್ಟುಕೊಂಡು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದವಳು, ಲತಾಗೆ ಮೊದಲು ಹಾಕಿಸ್ಬುಡು ಚಿಕ್ಕಹನುಮಕ್ಕ, ಇವಳು ನರ್ಸಿಂಗ್ ಓದೋಳು, ಆಸ್ಪತ್ರೇಲಿ ಓಡಾಡಬೇಕಾಗ್ತದೆ ಅಂದೆ, ತುಂಬೈತಾ ಹದಿನೆಂಟು ಅಂದಳು, ತುಂಬೈತೆ ಮೊನ್ನೆ ಒಂದನೇ ತಾರೀಕಿಗೆ ಅಂದೆ, ಆಧಾರ್ ಕೊಟ್ಟೆ, ಮಾರ್ಕ್ಸ್ ಕಾರ್ಡಿನ ಜೆರಾಕ್ಸೂ ಕೊಟ್ಟೆ, ಇನಿಷಿಯಲ್ ಸಮೇತ ಬರಿ, ಆಮೇಲೆ ಹೆಸರು ತಾಳೆ ಆಗ್ಲಿಲ್ಲ ಅಂದ್ರೆ ಸರ್ಟಿಫಿಕೇಟ್ ಬರಲ್ಲ ಅಂದೆ. ಅವಳು ನನ್ನ ಮುಖ ಒಂದು ಗಳಿಗೆ ನೋಡಿದಳು. ಆ ನೋಟ — ಗೊತ್ತಿತ್ತಾ ಅವಳಿಗೆ, ಅದು ಲಸಿಕೆ ಪಟ್ಟಿ ಅಲ್ಲ ಅಂತ, ಗೊತ್ತಿದ್ದೂ ಬರೆದುಕೊಂಡಳಾ, ಗೊತ್ತಿಲ್ಲದಿದ್ದರೆ ಹಂಗೆ ಯಾಕೆ ನೋಡಿದಳು. ಹೋದ ತಿಂಗಳು ಮನೆಗೇ ಹೋಗಿ ಕೇಳಿದೆ, ನಾನೇನ್ ಮಾಡ್ಲಿ ಗಂಗಕ್ಕ, ಮೇಲಿಂದ ಒಂದೇ ಪಟ್ಟಿ ಅಂದ್ರು, ಆಮೇಲೆ ಅದ್ರಿಂದ ಎರಡು ಮಾಡ್ಕೊಂಡ್ರು, ಲಸಿಕೆಗೊಂದು ಸ್ಟೇಷನ್ನಿಗೊಂದು, ನಂಗೂ ಮನೇಲಿ ಇಬ್ಬರು ಹೆಣ್ಮಕ್ಕಳವ್ರೆ ಕಣಕ್ಕ, ನಿನ್ನ ಮಗ್ಳ ಅನ್ನಕ್ಕೆ ಮಣ್ಣು ಹಾಕ್ತೀನಾ. ಕಣ್ಣಲ್ಲಿ ನೀರು ತಂದುಕೊಂಡಳು. ಕಣ್ಣೀರನ್ನೂ ನಂಬಬೇಕೋ ಬೇಡವೋ ಗೊತ್ತಾಗದ ಕಾಲ ಬಂದುಬಿಟ್ಟಿತು ನನಗೆ. ಸುಳ್ಳು ಹೇಳಿದವರೆಲ್ಲ ಪತ್ತೆಯಾಗಿರುವುದಿಲ್ಲ, ನಿಜ ಹೇಳಿದವಳ ಮಗಳು ಒಂದನೇ ಆರೋಪಿ, ಇದನ್ನ ದಿನಕ್ಕೆ ನೂರು ಸಲ ಹೇಳಿಕೊಳ್ಳುತ್ತಿದ್ದೆ, ಮಿಷನ್ ತುಳಿಯುತ್ತಾ, ಕಾಲರ್ ಹೊಲಿಯುತ್ತಾ, ನಿಜ ಹೇಳಿದವಳು ನಾನು, ನಿಜ ಹೇಳಿದವಳು ನಾನು — ಇವತ್ತು ಬೆಳಗ್ಗೆವರೆಗೂ.

ವಕೀಲರು ಬಂದು ನಿಂತರು, ನವೀನ್ ಕುಮಾರ್ ಅಂತ, ನಮ್ಮ ಕಡೆಯ ಹುಡುಗನೇ, ಹೆಗಲ ಮೇಲೆ ಕೋಟು ಹಾಕಿಕೊಂಡು, ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ, ಆ ಕಡೆಯ ಸರ್ಕಾರಿ ವಕೀಲರ ಜೊತೆ ಒಂದೇ ತಟ್ಟೆಯಲ್ಲಿ ಬೋಂಡ ತಿನ್ನುತ್ತಿದ್ದುದನ್ನು ಬರುವಾಗಲೇ ನೋಡಿದೆ. ಗಂಗಾಂಬಿಕಮ್ಮ, ಇನ್ನೊಂದ್ಸಲ ಹೇಳ್ತೀನಿ ಕೇಳಿ, ಒಪ್ಪಲ್ಲ ಅಂದ್ರೆ ವಿಚಾರಣೆ, ಎರಡು ವರ್ಷನೋ ಮೂರು ವರ್ಷನೋ, ಕೆಲಸ ಅಷ್ಟು ದಿನ ಕಾಯಲ್ಲ, ಒಪ್ಕೊಂಡ್ರೆ ಇವತ್ತೇ ದಂಡ ಕಟ್ಟಿಸ್ಕೊಂಡು ಮುಗಿಸ್ತಾರೆ, ಆದ್ರೆ ಶಿಕ್ಷೆ ಆಗಿದೆ ಅಂತ ದಾಖಲೆ ಉಳಿಯುತ್ತೆ, ಇಲಾಖೆಯೋರು ಸಣ್ಣ ವಿಷಯ ಅಂತ ಬಿಡಬಹುದು, ಬಿಡದೇನೂ ಇರಬಹುದು, ಅದು ಅಲ್ಲಿ ಕೂತಿರೋ ಸಾಹೇಬರ ಮನಸ್ಸು. ಲತಾ ಒಪ್ಕೋತೀನಿ ಸರ್ ಅಂದಳು, ಹೋಗಿದ್ದು ನಿಜ ಅಲ್ವಾ. ಅವಳು ಹಂಗೇ, ಮೊದಲಿಂದ. ವಕೀಲರು ಹಾಳೆ ತಿರುವುತ್ತಾ ನಕ್ಕರು, ನಿನ್ನ ಟೈಮೇ ಸರಿ ಇಲ್ಲ ಕಣಮ್ಮ, ಜೂನ್ ಒಂದಕ್ಕೆ ಹದಿನೆಂಟು ತುಂಬಿದೆ, ಜೂನ್ ನಾಲ್ಕಕ್ಕೆ ಹಾಲುತುಪ್ಪ, ಹದಿನೆಂಟು ವರ್ಷ ಮೂರು ದಿನ, ನಾಲ್ಕು ದಿನ ತಡವಾಗಿ ಹುಟ್ಟಿದ್ರೆ ಮಕ್ಕಳ ಲೆಕ್ಕಕ್ಕೆ ಬರ್ತಿದ್ದೆ, ಮಕ್ಕಳ ಕೇಸು ಬೇರೆ ಕಡೆ ಹೋಗುತ್ತೆ, ಮುಗಿದ ಮೇಲೆ ಅದರ ಕಲೆ ಉಳಿಯಲ್ಲ, ಯಾವ ಕೆಲಸಕ್ಕೂ ಅಡ್ಡ ಬರಲ್ಲ. ತಮಾಷೆಗೆ ಹೇಳಿದ್ದು, ಲತಾನೂ ನಕ್ಕಳು, ನಮ್ಮಮ್ಮನ್ನ ಕೇಳಿ ಸರ್ ಯಾಕಷ್ಟು ಅರ್ಜೆಂಟ್ ಮಾಡಿದ್ರು ಅಂತ. ನಾನು ನಗಲಿಲ್ಲ, ಜಗಲಿಯ ಕಂಬ ಹಿಡಿದುಕೊಂಡೆ, ಕಂಬ ತಣ್ಣಗಿತ್ತು.

ಕಾರ್ತಿಕ ಮಾಸ ಕಣೇ ನೀನು ಹುಟ್ಟಿದ್ದು ಅಂದೆ ಮನಸ್ಸಲ್ಲೇ, ಜೂನ್ ಅಲ್ಲ, ಹುಣ್ಣಿಮೆ ಕಳೆದು ಎರಡನೇ ದಿನ, ನಾಗಲಮಡಿಕೆಯಲ್ಲಿ ನಮ್ಮಮ್ಮನ ಮನೆ ಒಳಕೋಣೆಯಲ್ಲಿ, ಸೂಲಗಿತ್ತಿ ಪಟಾಲಮ್ಮ ನಿನ್ನ ಕಾಲು ಹಿಡಿದು ಎತ್ತಿ ತೋರಿಸಿ ಆಡಪಿಲ್ಲ ಪುಟ್ಟಿಂದಮ್ಮಾ, ಹೆಣ್ಣು ಹುಟ್ಟೈತೆ ಅಂದಳು, ಹೊಸ್ತಿಲ ಹತ್ತಿರ ಸಂಜೆಯ ದೀಪ ಇನ್ನೂ ಉರೀತಿತ್ತು, ಆ ಪಟಾಲಮ್ಮ ಇಲ್ಲ, ನಮ್ಮಮ್ಮ ಇಲ್ಲ, ಎಲ್ಲೂ ಬರೆಸಲಿಲ್ಲ, ಯಾರು ಬರೆಸುತ್ತಿದ್ದರು ಆಗ. ಬರೆಸಿದ್ದು ಇಸ್ಕೂಲಿನಲ್ಲಿ, ನನಗೆ ಗಾರ್ಮೆಂಟ್ಸಲ್ಲಿ ಕೆಲಸ ಸಿಕ್ಕ ವರ್ಷ, ಏಳೂ ಕಾಲಿಗೆ ಬಸ್ಸು, ನಿನ್ನ ನೋಡಿಕೊಳ್ಳೋಕೆ ಯಾರೂ ಇಲ್ಲ, ಅಂಗನವಾಡಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿತ್ತು, ಕೈ ಹಿಡಿದು ಎಳೆದುಕೊಂಡು ಹೋದೆ, ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು, ಎಷ್ಟಮ್ಮ ವಯಸ್ಸು, ಆರು ಸಾ, ಆರು ಇದ್ದಂಗೆ ಕಾಣಲ್ವಲ್ಲ, ಎಲ್ಲಿ ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸು ನೋಡಾನ. ಎಲ್ಲ ಮಕ್ಕಳಿಗೂ ಅದೇ ಪರೀಕ್ಷೆ, ಕೈ ಕಿವಿಗೆ ಎಟುಕಿದರೆ ಒಂದನೇ ಕ್ಲಾಸು, ಎಟುಕದಿದ್ದರೆ ಮುಂದಿನ ವರ್ಷ. ನೀನು ಕೈ ಎತ್ತಿದೆ, ಎಣ್ಣೆ ಹಚ್ಚಿ ಬಿಗಿದ ಜಡೆ ಮೇಲಿಂದ ಆ ಕೈ ಬಂತು, ಬಂತು, ಬೆರಳ ತುದಿ ಕಿವಿಗಿಂತ ಮೇಲೇ ನಿಂತುಬಿಟ್ಟಿತು, ಒಂದು ಬೆರಳಗಲ, ಅಷ್ಟೇ, ಒಂದು ಬೆರಳಗಲ ಜಾಗ, ಅದರೊಳಗಿಂದ ಕಿಟಕಿಯ ಬೆಳಕು ಕಾಣುತ್ತಿತ್ತು. ಮೇಷ್ಟ್ರು ರಿಜಿಸ್ಟರಿನಲ್ಲಿ ಗೆರೆ ಹಾಕುತ್ತಿದ್ದರು. ನಾನು ಹಿಂದೆ ನಿಂತವಳು ನಿನ್ನ ಮೊಣಕೈ ಒತ್ತಿದೆ, ಇನ್ನೊಂದು ಕೈಯಲ್ಲಿ ತಲೆ ವಾಲಿಸಿದೆ, ಮುಟ್ತು ಸಾ ಅಂದೆ. ಅಮ್ಮ ಮುಟ್ಟಿಲ್ಲ ಅಂದೆ ನೀನು, ಎಲ್ಲರಿಗೂ ಕೇಳಿಸುವ ಹಾಗೆ, ಮುಟ್ಟಿಲ್ಲ ಕಣಮ್ಮ, ನಾನು ಬೆನ್ನ ಮೇಲೆ ಚಿವುಟಿದೆ, ನೀನು ಸುಮ್ಮನಾದೆ. ಮೇಷ್ಟ್ರು ಜೂನ್ ಒಂದು ಅಂತ ಬರೆದರು, ನಾನೂ ಜೂನ್ ಒಂದಕ್ಕೇ ಹುಟ್ಟಿದೋನು ಕಣಮ್ಮ, ಇಸ್ಕೂಲಿಗೆ ಬಂದೋರೆಲ್ಲ ಅವತ್ತೇ ಹುಟ್ಟೋದು ಅಂದು ನಕ್ಕರು. ಐದು ತಿಂಗಳು ಒಂಬತ್ತು ದಿನ, ಅಷ್ಟು ದೊಡ್ಡವಳಾದೆ ನೀನು ಒಂದು ಗಳಿಗೆಯಲ್ಲಿ. ಹಾಲುತುಪ್ಪದ ದಿನ ನಿನಗೆ ಹದಿನೇಳೂವರೆ.

ಲತಾ ನೀರು ಕುಡಿಯೋಕೆ ಹೋದಾಗ ವಕೀಲರ ಹತ್ತಿರ ಹೋದೆ, ಯಾರದೋ ವಿಷಯ ಕೇಳೋ ಹಾಗೆ ಕೇಳಿದೆ, ಸಾ, ಹುಟ್ಟಿದ ತಾರೀಕು ಬೇರೆ ಇದ್ರೆ ಏನಾಗ್ತದೆ. ಅವರ ಮುಖದಿಂದ ನಗು ಹೋಯಿತು, ಸುತ್ತ ನೋಡಿದರು, ಎಷ್ಟು ಬೇರೆ. ಐದು ತಿಂಗಳು. ಬರಹದಲ್ಲಿ ಏನಾದ್ರೂ ಇದೆಯಾ, ಆಸ್ಪತ್ರೆ ಚೀಟಿ, ಏನಾದ್ರೂ. ಇಲ್ಲ ಸಾ, ನಂಗೆ ಗೊತ್ತು ಅಷ್ಟೇಯ. ನಿಮಗೆ ಗೊತ್ತಿರೋದು ಕೋರ್ಟಿಗೆ ಬೇಡ ಗಂಗಾಂಬಿಕಮ್ಮ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇರೋವಾಗ ಅದನ್ನೇ ನಂಬೋದು, ನೀವು ಈಗ ಬಾಯಿ ಬಿಟ್ರೆ ಕೇಸೂ ಹೋಗಲ್ಲ, ಅವಳು ಕೆಲಸಕ್ಕೆ ಕೊಟ್ಟಿರೋ ಜನ್ಮ ದಿನಾಂಕವೇ ಸುಳ್ಳು ಅಂತ ಇನ್ನೊಂದು ತಂಟೆ ಶುರುವಾಗುತ್ತೆ, ಅವಳಿಗೆ ಗೊತ್ತಾ ಇದು. ಇಲ್ಲ ಅಂದೆ. ಹಂಗಾದ್ರೆ ಇವತ್ತು ಹೇಳೋಕೆ ಹೋಗಬೇಡಿ. ಸಾಲು ಸಾಲಾಗಿ ಅನುಮಾನ ಪಟ್ಟೆನಲ್ಲ, ಚಿಕ್ಕಹನುಮಕ್ಕನ ಮೇಲೆ, ಅಶ್ವತ್ಥನ ಮೇಲೆ, ಹುಣಸೇ ಮರದ ಕೆಳಗಿನವನ ಮೇಲೆ, ಪಟ್ಟಿಯಲ್ಲಿ ಕೆಳಗಿರುವ ಯಾವಳೋ ಹೆಣ್ಣುಮಗಳ ಮೇಲೆ — ವೀಡಿಯೋ ಯಾರು ತೆಗೆದರೆ ಏನು ಈಗ, ಕಿವಿ ಮುಟ್ಟದ ಕೈಯನ್ನು ಮುಟ್ಟಿಸಿದವಳು ಯಾರು. ಲತಾ ಬಂದು ಪಕ್ಕದಲ್ಲಿ ಕೂತಳು, ಏನು ಕೇಳ್ತಿದ್ದೆ ಸರ್‌ನ ಅಂದಳು, ಏನಿಲ್ಲ ಅಂದೆ, ನನ್ನ ಮುಖವನ್ನೇ ನೋಡಿದಳು, ಅದೇ ನೋಟ, ಒಂದು ಗಳಿಗೆ ಜಾಸ್ತಿ. ಇವಳಿಗೆ ನೆನಪಿದೆಯಾ, ಐದೂವರೆ ವರ್ಷದ ಮಗುವಿಗೆ ನೆನಪಿರುತ್ತದಾ ಬೆನ್ನ ಮೇಲಿನ ಚಿವುಟು, ಅರ್ಜೆಂಟ್ ಮಾಡಿದ್ರು ಅಂತ ಯಾಕಂದಳು, ಸುಮ್ಮನೆ ಅಂದದ್ದಾ, ಪ್ರತಿ ವರ್ಷ ಜೂನ್ ಒಂದಕ್ಕೆ ಫ್ರೆಂಡ್ಸ್ ಕೇಕ್ ಕತ್ತರಿಸಿದ ಫೋಟೋ ಕಳಿಸುತ್ತಾಳೆ, ನಾನು ಒಂದು ಸಲವಾದರೂ ನೂರು ಕಾಲ ಬಾಳು ಅಂತ ಹೇಳಿದ್ದೀನಾ ಅವತ್ತು, ಇಲ್ಲ, ಕಾರ್ತಿಕದಲ್ಲಿ ಮಾತ್ರ ಹೊಸ್ತಿಲಿಗೆ ಒಂದು ದೀಪ ಜಾಸ್ತಿ ಇಡುತ್ತೇನೆ, ಯಾಕಮ್ಮ ಇದು ಅಂದರೆ ಸುಮ್ಮನೆ ಅನ್ನುತ್ತೇನೆ, ಅವಳು ಇನ್ನೊಂದು ಮಾತು ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ.

ಶ್ರೀಲತಾ ಅಂತ ಕೂಗಿದರು, ಎರಡು ಸಲ, ಇನಿಷಿಯಲ್ ಸಮೇತ, ನಾನು ಬರೆಸಿದ ಹಾಗೇ. ಒಳಗೆ ಫ್ಯಾನು ಟಕ್ ಟಕ್ ಅನ್ನುತ್ತಿದೆ, ಅವಳು ಕಟಕಟೆಗೆ ಹೋಗಿ ನಿಂತಳು, ನಾನು ಹಿಂದಿನ ಬೆಂಚಿನ ತುದಿಯಲ್ಲಿ, ಚಿಕ್ಕಹನುಮಕ್ಕ ಬಾಗಿಲಲ್ಲಿ ಕಾರ್ಡು ಸರಿ ಮಾಡಿಕೊಳ್ಳುತ್ತಾ ನಿಂತಿದ್ದಾಳೆ, ಜಡ್ಜಮ್ಮನವರಿಗೆ ಲತಾಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು ಅಷ್ಟೆ, ಹಾಳೆ ಓದುತ್ತಾರೆ, ಹೋಂ ಕ್ವಾರಂಟೈನ್ ಇದ್ದಾಗ ಮನೆ ಬಿಟ್ಟು ಹೋಗಿದ್ದೆಯಂತೆ, ಒಪ್ಪಿಕೊಳ್ತೀಯಾ, ಬಲವಂತ ಏನಿಲ್ಲ, ಒಪ್ಪದಿದ್ರೆ ವಿಚಾರಣೆ ನಡೆಯುತ್ತೆ. ಒಪ್ಪಿಕೊಳ್ತೀನಿ ಮೇಡಂ, ತಾತನಿಗೆ ಹಾಲು ಬಿಡೋಕೆ ಹೋಗಿದ್ದೆ. ಈಗೇನು ಮಾಡ್ತಿದ್ದೀಯ. ನರ್ಸಿಂಗ್ ಮುಗಿದಿದೆ. ಜಡ್ಜಮ್ಮ ತಲೆ ಎತ್ತಿ ಒಂದು ಸಲ ನೋಡಿದರು, ಮತ್ತೆ ಹಾಳೆ ನೋಡಿದರು, ಬೆರಳು ಒಂದು ಸಾಲಿನ ಮೇಲೆ ನಿಂತಿತು, ಜನ್ಮ ದಿನಾಂಕ ಒಂದು ಆರು ಎರಡು ಸಾವಿರದ ಮೂರು, ಮೂರು ದಿನ ಅಷ್ಟೇ ಆಗಿರೋದು, ಈ ತಾರೀಕು ಸರಿ ಇದೆಯೇನಮ್ಮ, ಅವತ್ತು ಹದಿನೆಂಟು ತುಂಬಿತ್ತಾ. ವಕೀಲರು ತಿರುಗಿ ನನ್ನ ಕಡೆ ನೋಡುತ್ತಾರೆ, ಬೇಡ ಅನ್ನುವ ಹಾಗೆ, ನಾನು ಎದ್ದಿದ್ದೇನೆ, ಯಾವಾಗ ಎದ್ದೆ, ಬಾಯಿ ತೆರೆದಿದೆ, ಇನ್ನೇನು ಅನ್ನಬೇಕು, ಸ್ವಾಮಿ ಅವಳು ಕಾರ್ತಿಕದ ಮಗು — ಲತಾ ಕಟಕಟೆಯಿಂದ ತಿರುಗಿ ನೋಡಿದಳು, ನನ್ನನ್ನೇ, ನೆಟ್ಟಗೆ, ಅವಳಿಗೆ ಗೊತ್ತು, ಗೊತ್ತಿದೆ ಅವಳಿಗೆ, ಯಾವತ್ತಿನಿಂದಲೋ ಗೊತ್ತಿದೆ, ಕಣ್ಣಲ್ಲೇ ಕೂತ್ಕೋ ಅಂದಳು, ಆಮೇಲೆ ಆ ಕಡೆ ತಿರುಗಿ, ತುಂಬಿತ್ತು ಮೇಡಂ ಅಂದಳು, ಸರಿ ಇದೆ, ತುಂಬಿತ್ತು — ಜಡ್ಜಮ್ಮ ಬರೆಯುತ್ತಿದ್ದಾರೆ, ಪೆನ್ನು ಓಡುತ್ತಿದೆ, ಫ್ಯಾನು, ನಾನು ನಿಂತೇ ಇದ್ದೇನೆ, ಎಣ್ಣೆ ಹಚ್ಚಿ ಬಿಗಿದ ಜಡೆ, ಅದರ ಮೇಲಿಂದ ಬಂದ ಸಣ್ಣ ಕೈ, ಬೆರಳ ತುದಿ, ಕಿವಿ, ನಡುವೆ ಒಂದು ಬೆರಳಗಲ ಬೆಳಕು, ಒಂದು ಬೆರಳಗಲ, ಅಮ್ಮ ಮುಟ್ಟಿಲ್ಲ, ಮುಟ್ಟಿಲ್ಲ ಕಣಮ್ಮ, ಒಂದು ಬೆರಳಗಲ